ಬಡಿದು ಬಡಿದು ದಣಿದ ಗಂಟೆ

ನಾನೊಂದು ಎಚ್ಚರಿಕೆ ಗಂಟೆ. ಗುಡಿಯಲ್ಲಿ ತೂಗುವ ಗಂಟೆಯಲ್ಲ, ಕಂಪ್ಯೂಟರ್ ಆಟವೊಂದರ ಒಳಗಿನದು. ಆಟದ ಬ್ಯಾಂಕಿನ ಕಂಪ್ಯೂಟರಿಗೆ ಕನ್ನ ಹಾಕಿ ಖಜಾನೆ ತೆರೆದವರು ಗೆದ್ದಂತೆ. ಕಳ್ಳರು ನುಗ್ಗಿದೊಡನೆ ಖಜಾನೆಯ ಬಾಗಿಲ ಮೇಲಿಂದ ಅರಚಿ ಕಾವಲುಗಾರರನ್ನು ಕರೆಯುವುದು ನನ್ನ ಕೆಲಸ. ಆಟಕ್ಕೆ ಸದ್ದು ಜೋಡಿಸುತ್ತ ನನ್ನನ್ನು ಹುಟ್ಟಿಸಿದ ಜಬೀನಾ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದು ನನಗೆ ದನಿ ಕೊಟ್ಟಳು. “ಕಿವಿ ತೂತಾಗ್ಬೇಕು, ಹಂಗೆ ಬಡ್ಕೋ” ಎಂದು ಹರಸಿ ಲೋಕಕ್ಕೆ ಬಿಟ್ಟಳು.

ಬಡಿದುಕೊಂಡೆ. ಯಾರಿಗೆ ಬೇಕಿತ್ತು? ಆಡಲು ಕೂತವರೆಲ್ಲ ಮೊದಲು ನನ್ನ ಬಾಯಿ ಮುಚ್ಚಿಸುತ್ತಿದ್ದರು. “ಇದರ ಬಾಯಿಗೆ ಮಣ್ಣು ಹಾಕ” ಎಂದು ಬೈಯುತ್ತಲೂ ಇದ್ದರು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ದಿನಕ್ಕೆಷ್ಟು ಸಲ ಸಾಯುವುದು? ಬೇಸತ್ತುಹೋಗಿದ್ದೆ.

ಹೀಗಿರುವಾಗ ಮೈಸೂರಿನ ಅಂಬುಜಾಕ್ಷಿಯಮ್ಮನ ಕೈಗೆ ಬಂದೆ. ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು, ಹುಟ್ಟಿನಿಂದ ಕಣ್ಣು ಕಾಣದು. ಅಣ್ಣನ ಮಗಳು ಸಿಂಚನಾ ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿ ಆಟ ಕಲಿಸಿದಳು.

“ಅತ್ತೆ, ಮೊದ್ಲು ಆ ಗಂಟೆ ಆಫ್ ಮಾಡಿ.”

“ಬೇಡ ಕಣೇ. ಅದು ಬಡೀತಿದ್ರೆ ತಾನೆ ಖಜಾನೆ ಯಾವ ಕಡೆ ಅಂತ ನಂಗೆ ಗೊತ್ತಾಗೋದು!”

ಎಡಗಿವಿಗೆ ನಾನು ಜೋರಾದರೆ ಅವರು ಎಡಕ್ಕೆ ತಿರುಗುತ್ತಿದ್ದರು. ಆದರೆ ನನ್ನ ಸದ್ದಿಗೆ ಕಾವಲುಗಾರರೂ ಓಡಿಬರುತ್ತಿದ್ದರು. ದಾರಿ ತೋರಿಸುವುದೂ ನಾನೇ, ಹಿಡಿದುಕೊಡುವುದೂ ನಾನೇ. ನನಗೇ ನಾಚಿಕೆಯಾಗುತ್ತಿತ್ತು. ಅವರು ಮಾತ್ರ ಪ್ರತಿಸಲ ಸಿಕ್ಕಿಬಿದ್ದು, ನಕ್ಕು, ಮತ್ತೆ ಶುರು ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಸಿಂಚನಾ ಮುಖ ಸಣ್ಣದು ಮಾಡಿಕೊಂಡು ಬಂದಳು. “ಅತ್ತೆ, ನಾಳೆಯಿಂದ ಹಳೇ ಆಟ ಓಡಲ್ವಂತೆ. ಹೊಸದ್ರಲ್ಲಿ ಗಂಟೆ ತೆಗೆದ್ಬಿಟ್ಟಿದ್ದಾರೆ. ಎಲ್ರಿಗೂ ಕಿರಿಕಿರಿ ಅಂತೆ. ಬರೀ ಕೆಂಪು ದೀಪ.”

“ದೀಪ ಇಟ್ಕೊಂಡು ನಾನೇನ್ಮಾಡ್ಲೇ?” ಎಂದ ಅಂಬುಜಾಕ್ಷಿಯಮ್ಮ ಹೆಡ್‌ಫೋನಿಗೆ ಕೈಚಾಚಿದರು. “ಹಾಗಾದ್ರೆ ಇವತ್ತೇ ಗೆಲ್ಬೇಕು.”

ತಿಂಡಿ ಮುಗಿಸಿ ಕೂತವರು ಏಳಲೇ ಇಲ್ಲ. ಕಾಫಿ ಆರಿತು. ನನ್ನ ಅರಚಾಟದ ನಡುವೆಯೇ ಬೂಟುಗಳ ಸಪ್ಪಳ ಹೆಕ್ಕಿ, ಕಂಬದ ಮರೆಯಲ್ಲಿ ನಿಂತು, ಸಪ್ಪಳ ದಾಟಿದ ಮೇಲೆ ನಡೆದು, ಸಂಜೆಯ ಹೊತ್ತಿಗೆ ನನ್ನ ಕೆಳಗೇ ಬಂದು ನಿಂತರು. ನಾನು ಸುಮ್ಮನಾದರಷ್ಟೇ ಖಜಾನೆ ತೆರೆಯುತ್ತದೆ.

“ಪಾಪ, ದಣಿದಿದ್ದೀಯ. ಸಾಕು” ಎಂದು ನನ್ನನ್ನು ಸುಮ್ಮನಾಗಿಸಿದರು. ಹಾಗೆ ಹೇಳಿ ಸುಮ್ಮನಾಗಿಸಿದವರು ಅವರೊಬ್ಬರೇ.

ಖಜಾನೆ ತೆರೆಯಿತು. “ಗೆದ್ರಿ ಅತ್ತೆ!” ಎಂದು ಸಿಂಚನಾ ಕುಣಿದಳು. ಅಂಬುಜಾಕ್ಷಿಯಮ್ಮ ಆಟದ ಮೊದಲ ಬಾಗಿಲಿಗೆ ವಾಪಸು ಹೋಗಿ, ಬೇಕೆಂದೇ ನನ್ನನ್ನು ಮತ್ತೆ ಎಬ್ಬಿಸಿದರು.

“ಗೆದ್ದಾಯ್ತಲ್ಲ, ಮತ್ತೆ ಯಾಕದು?”

“ನಾಳೆಯಿಂದ ಎಲ್ಲೂ ಕೇಳ್ಸಲ್ವಲ್ಲೇ. ಬಡ್ಕೊಳ್ಲಿ ಬಿಡು.”

ನನಗೆ ನಿಜಕ್ಕೂ ಸುಸ್ತಾಗಿತ್ತು. ಆದರೂ ಬಡಿದೆ. ಅವರು ಹೆಡ್‌ಫೋನ್ ತೆಗೆಯದೆ ಕೇಳುತ್ತ ಕೂತಿದ್ದರು.