ನಡುವಿನ ಡಬ್ಬಿ

ಬೆಂದ ರೇಷ್ಮೆಗೂಡಿನ ವಾಸನೆ ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ ಹುಟ್ಟಿ ಬೆಳೆದವರಿಗೆ ವಾಸನೆಯೇ ಅಲ್ಲ. ಹೊರಗಿನಿಂದ ಬಂದವರು ಕರ್ಚೀಫು ಮೂಗಿಗೆ ಹಿಡಿದಾಗಲೇ ಊರಿನವರಿಗೆ ಅದರ ನೆನಪಾಗುವುದು. ಸರ್ವರ್ ಬೇಗಂಗೆ ಮಾತ್ರ ಅದು ಅಬ್ಬಾನ ಅಂಗಿಯ ವಾಸನೆ. ಹತ್ತು ವರ್ಷದವಳಿದ್ದಾಗ, ಸಂಜೆ ಅವರು ನೂಲು ಬಿಚ್ಚುವ ಷೆಡ್ಡಿನಿಂದ ಬಂದು ಜಗಲಿಯ ಮೇಲೆ ಕೂತರೆ ಓಡಿಹೋಗಿ ಬೆನ್ನಿಗೆ ಮೂಗು ಒತ್ತುತ್ತಿದ್ದಳು. ಬೆಂದ ಗೂಡು, ಸೌದೆಯ ಹೊಗೆ, ಬೆವರು. ಇವೆಲ್ಲದರ ಅಡಿಯಲ್ಲಿ ಇನ್ನೂ ಒಂದು ಏನೋ ಇರುತ್ತಿತ್ತು. ಬೆಚ್ಚಗಿನದು, ಮಣ್ಣಿನಂಥದು. ಅದಕ್ಕೆ ಹೆಸರು ಸಿಕ್ಕಿರಲಿಲ್ಲ. ಈಗ ಅರವತ್ತೆರಡಾಯಿತು, ಇನ್ನೂ ಸಿಕ್ಕಿಲ್ಲ.

ಅಬ್ಬಾನ ಕೋಣೆಯಲ್ಲಿ ಕೂತು ಅವಳು ಅವರ ಅಂಗಿಗಳನ್ನು ಮಡಚುತ್ತಿದ್ದಳು. ತೊಂಬತ್ತೊಂದು ವರ್ಷ ಬಾಳಿದ ವಜೀರ್ ಸಾಬರು ತೀರಿಕೊಂಡು ಇವತ್ತಿಗೆ ಮೂವತ್ತೆಂಟು ದಿನ. ಒಗೆದಿಟ್ಟ ಅಂಗಿಗಳಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ.

"ಆಪಾ," ತಮ್ಮ ಉಮರ್ ಬಾಗಿಲಲ್ಲಿ ನಿಂತು ಕೇಳಿದ. "ಬಿರಿಯಾನಿಗೆ ಹೇಳಿದ್ದಾಯ್ತು. ಅಬ್ಬಾನ ಪಾಯಾ ಮಾತ್ರ ನಾವೇ ಮಾಡೋಣ. ಎಂಟು ಕಾಲು ತರಿಸ್ಲಾ?"

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಬಂದವರಿಗೆ ಏನೇ ಬಡಿಸಲಿ, ಹೋದವರಿಗೆ ಇಷ್ಟವಾಗಿದ್ದ ಒಂದು ಅಡುಗೆ ಮೊದಲು ಊಟಕ್ಕೆ ಹಾಸಿದ ದಸ್ತರ್‌ಖಾನಿನ ಮೇಲೆ ಬಂದು ಕೂರಬೇಕು. ಅದು ಈ ಮನೆಯ ರೂಢಿ. ಅಮ್ಮಿ ಹೋದಾಗ ಹುಳಿ ಹಾಕಿದ ಬದನೆಕಾಯಿ ಇಟ್ಟಿದ್ದರು, ಯಾರೂ ಯೋಚಿಸಬೇಕಾಗಿರಲಿಲ್ಲ.

"ತರಿಸು," ಅಂದಳು ಸರ್ವರ್. ಐವತ್ತು ವರ್ಷ, ಪ್ರತಿ ಶುಕ್ರವಾರ, ಈ ಮನೆಯಲ್ಲಿ ಅಬ್ಬಾಗೆಂದೇ ಕುರಿಕಾಲಿನ ಪಾಯಾ ಕುದಿದಿತ್ತು. ಅಮ್ಮಿಯ ನಂತರ ಸೌಟು ಸರ್ವರ್ ಕೈಗೆ ಬಂದಿತ್ತು.

ಕಿಟಕಿಯ ಹತ್ತಿರ ಮೊಬೈಲ್ ನೋಡುತ್ತಿದ್ದ ಉಮರನ ಮಗಳು ಇಲ್ಮಾ ತಲೆಯೆತ್ತಿದಳು. "ದಾದಾಗೆ ಪಾಯಾ ಇಷ್ಟಾನೇ ಇರ್ಲಿಲ್ಲ."

"ಏನೇ, ತಲೆ ಕೆಟ್ಟಿದ್ಯಾ?"

"ಇಲ್ಲ ಅಬ್ಬೂ. ಎಲ್ಲಾ ನನ್ನ ಬಟ್ಟಲಿಗೆ ಬಗ್ಗಿಸ್ಬಿಡ್ತಿದ್ರು. 'ಬೇಗ ಕುಡಿ, ನಿನ್ನ ಸರ್ವರ್ ಫುಪ್ಪು ಬರ್ತಾಳೆ' ಅನ್ನೋರು. ನಾನು ಇಷ್ಟುದ್ದ ಬೆಳೆದಿದ್ದು ಹೇಗೆ ಅಂದ್ಕೊಂಡ್ರಿ?"

ಉಮರ್ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. "ನನ್ನ ಬಟ್ಟಲಿಗೂ ಬಗ್ಗಿಸ್ತಿದ್ರು," ಅಂದ ನಿಧಾನವಾಗಿ. "ನಾನೇನೋ ನನ್ನ ಮೇಲೆ ಪ್ರೀತಿ ಅಂದ್ಕೊಂಡಿದ್ದೆ."

ಹಾಗಾದರೆ ಅವರಿಗೆ ಇಷ್ಟವಾಗಿದ್ದದ್ದು ಏನು? ಉಮರ್ ಖೀರು ಅಂದ; ಸಕ್ಕರೆ ಕಾಯಿಲೆ ಬಂದಮೇಲೆ ಅವರು ಅದನ್ನು ಮುಟ್ಟಿರಲಿಲ್ಲ, ಬೇಕೆಂದು ಹಂಬಲಿಸಿಯೂ ಇರಲಿಲ್ಲ. ಇಲ್ಮಾ ಬನ್ನು ಅಂದಳು. ಅದು ಹಲ್ಲು ಹೋದಮೇಲಿನ ಮಾತು. ಸರ್ವರ್ ಮಡಚಿದ ಅಂಗಿಯನ್ನೇ ಮತ್ತೆ ಬಿಚ್ಚಿ ಮಡಚಿದಳು.

ಅಬ್ಬಾನ ಬಗ್ಗೆ ಅವಳಿಗೆ ಎಷ್ಟೆಲ್ಲ ಗೊತ್ತಿತ್ತು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪದಿದ್ದರೆ, "ನಾನಿನ್ನೂ ಹುಟ್ಟೇ ಇಲ್ಲ ಅಂತಿದೆ, ನೋಡು" ಎಂದು ನಗುತ್ತಿದ್ದರು. ಅವಳು ಕಾಲೇಜಿಗೆ ಹೋಗುವಾಗ ದಿನಾ ಬಸ್ ಸ್ಟ್ಯಾಂಡಿಗೆ ಬಂದು, ಕಿಟಕಿಯಿಂದ ತಮ್ಮ ಟವೆಲ್ ಎಸೆದು ಸೀಟು ಹಿಡಿದುಕೊಡುತ್ತಿದ್ದರು. ಆ ಟವೆಲಿನ ವಾಸನೆಗೆ ಪಕ್ಕದ ಸೀಟೂ ಖಾಲಿಯಾಗುತ್ತಿತ್ತು. ಗಂಡ ತೀರಿಕೊಂಡು ಅವಳು ತೌರಿಗೆ ಬಂದ ದಿನ ಒಂದು ಮಾತೂ ಕೇಳದೆ ಅವಳ ಪುಸ್ತಕದ ಪೆಟ್ಟಿಗೆಯನ್ನು ತಮ್ಮ ಮಂಚದ ಪಕ್ಕ ಇಡಿಸಿದ್ದರು. ಅಲ್ಲಿಂದ ಹದಿನೈದು ವರ್ಷ ಅವರ ತಟ್ಟೆಗೆ ಅವಳೇ ಬಡಿಸಿದ್ದಳು. ಏನು ಹಾಕಿದರೂ "ಚೆನ್ನಾಗಿದೆ ಮಗಾ" ಅನ್ನುತ್ತಿದ್ದರು. ಅವಳು ನಂಬಿದ್ದಳು. ನಾಳಿದ್ದು ಅವರ ಮುಂದೆ ಇಡಲು ಅವಳ ಹತ್ತಿರ ಏನೂ ಇರಲಿಲ್ಲ.

ಮಧ್ಯಾಹ್ನ ದೊಡ್ಡ ತಟ್ಟೆಗಳಿಗಾಗಿ ಅಟ್ಟ ಹುಡುಕುವಾಗ ಅಬ್ಬಾನ ಊಟದ ಕ್ಯಾರಿಯರ್ ಸಿಕ್ಕಿತು. ಮೂರು ಡಬ್ಬಿಯದು, ಇದ್ದದ್ದು ಎರಡೇ. ಎರಡರ ಮೇಲೂ ಚುಕ್ಕಿ ಹೊಡೆದು ಬರೆಸಿದ ಹೆಸರು: ವಜೀರ್. ನಡುವಿನ ಡಬ್ಬಿ ಕಾಣದೆ ಅಮ್ಮಿ ಕೂಗಾಡಿದ್ದು ಅವಳಿಗೆ ನೆನಪಿತ್ತು. "ಡಬ್ಬಿಗೇನು ಕಾಲು ಬಂತಾ?" ಅಬ್ಬಾ ಕಾಲು ತೊಳೆಯುತ್ತ, "ಷೆಡ್ಡಲ್ಲೇ ಇದೆ ಬಿಡು" ಅಂದಿದ್ದರು. ಆ ಷೆಡ್ಡು ಮುಚ್ಚಿ ಇಪ್ಪತ್ತೈದು ವರ್ಷವಾಗಿದೆ. ಅಲ್ಲಿ ಅಬ್ಬಾನ ಜೊತೆ ನೂಲು ಬಿಚ್ಚುವ ಚರಕಕ್ಕೆ ಕೂರುತ್ತಿದ್ದವರಲ್ಲಿ ಉಳಿದಿರುವುದು ಅಕ್ಕಯಮ್ಮ ಒಬ್ಬರೇ.

ಅಕ್ಕಯಮ್ಮ ಮನೆಯ ಮುಂದೆ ಕಾಲು ಚಾಚಿ ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಎಂಬತ್ತು ದಾಟಿದ ಜೀವ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರವ್ವಾ? ಓ, ಸಾಬ್ರ ಮಗಳಾ! ಬಾ ಬಾ, ಕುತ್ಕೋ."

ಸರ್ವರ್ ಸುತ್ತಿ ಬಳಸಲಿಲ್ಲ. "ಅಕ್ಕಯಮ್ಮ, ನಮ್ಮ ಅಬ್ಬಾಗೆ ಊಟದಲ್ಲಿ ಏನು ಇಷ್ಟ ಇತ್ತು?"

"ಮಗಳಾಗಿ ನನ್ನ ಕೇಳ್ತೀಯಾ?" ಅಕ್ಕಯಮ್ಮ ಬಾಯಿ ತುಂಬ ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿ, ಮೊರವನ್ನು ಪಕ್ಕಕ್ಕೆ ಸರಿಸಿದರು. "ಹುರುಳಿಕಾಳ್ ಸಾರು, ರಾಗಿ ಮುದ್ದೆ. ಇನ್ನೇನು?"

"ನಮ್ಮನೇಲಿ ಮುದ್ದೆ ಮಾಡ್ತಾನೇ ಇರ್ಲಿಲ್ಲ." ಅಮ್ಮಿ ಬೆಂಗಳೂರಿನ ಶಿವಾಜಿನಗರದವರು. ರಾಗಿ ಅಂದರೆ ಮೂಗು ಮುರಿಯುತ್ತಿದ್ದರು.

"ಅದ್ಕೇ ಮತ್ತೆ! ನಾನು ಗಂಡ ಸತ್ತು ಮೂರು ತಿಂಗ್ಳಿಗೆ ಚರಕಕ್ಕೆ ಬಂದೋಳು. ಎಲ್ಲಾ ಊಟಕ್ಕೆ ಕೂತ್ರೆ ನಾನು ಗೋಡೆ ಕಡೆ ತಿರುಕ್ಕೊಂಡು ಮುದ್ದೆ ನುಂಗ್ತಿದ್ದೆ, ನಾಚ್ಕೆ. ನಿಮ್ಮಪ್ಪ ನೋಡಿದ್ರು. 'ಅಕ್ಕಯಮ್ಮ, ದಿನಾ ಅನ್ನ ತಿಂದು ನಾಲಿಗೆ ಸತ್ತೋಗಿದೆ, ಬದಲಾಯಿಸ್ಕೊಳ್ಳಾನಾ?' ಅಂದ್ರು. ಅವತ್ತಿಂದ ಅವ್ರ ನಡುವಿನ ಡಬ್ಬಿ ನಮ್ಮನೇಲೇ ಉಳೀತು. ನಾನು ಅದ್ರಲ್ಲಿ ತಗೊಂಡೋಗಾದು, ಅವ್ರು ತಿನ್ನಾದು. ಅವ್ರ ಅನ್ನ ನನಗೆ."

ಸರ್ವರ್ ಮೊರದಿಂದ ಒಂದು ಹುಣಿಸೆ ಬೀಜ ಎತ್ತಿ ಮತ್ತೆ ಅಲ್ಲೇ ಹಾಕಿದಳು. "ಅಂದ್ರೆ ನಿಮಗೆ ಬೇಜಾರಾಗ್ದಿರ್ಲಿ ಅಂತ ತಿಂದ್ರು. ಇಷ್ಟ ಅಂತ ಅಲ್ಲ."

"ನಾನೂ ಹಂಗೇ ಅಂದ್ಕಂಡಿದ್ದೆ, ತಾಳವ್ವ. ನನ್ನ ಮಗ ಕೆಲಸಕ್ಕೆ ಸೇರ್ದ, ಮನೇಲಿ ಅಕ್ಕಿ ಕಂಡೋ. ಇನ್ನೂ ಯಾಕೆ ಸಾಬ್ರಿಗೆ ರಾಗಿ ಅಂತ ಒಂದಿನ ಅನ್ನ, ಬೇಳೆ ಸಾರು ತಗೊಂಡೋದೆ. ಮುಚ್ಚಳ ತೆಗೆದ್ರು, ನೋಡಿದ್ರು, ಮುಚ್ಚಿದ್ರು. ಮೂರು ದಿನ ನನ್ನ ಜೊತೆ ಮಾತಿಲ್ಲ ಕತೆಯಿಲ್ಲ! ನಾಕ್ನೇ ದಿನ ಹುರುಳಿ ಸಾರು ಕಂಡ್ಮೇಲೆ ಬೆರಳು ನೆಕ್ಕೊಂಡು, 'ಇನ್ನೊಂದ್ಸಲ ಹಂಗೆ ಮೋಸ ಮಾಡ್ಬೇಡ ಕಣಮ್ಮ' ಅಂದ್ರು."

ಅಬ್ಬಾ ಮುನಿಸಿಕೊಂಡಿದ್ದರು. ಊಟಕ್ಕೆ! ಸರ್ವರ್‌ಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳಿದ್ದು ಅವರ ಫಾತಿಹಾ. ಅದನ್ನೇ ಮಾಡಿಕೊಡ್ತೀರಾ?"

ಅಕ್ಕಯಮ್ಮ ಹುಣಿಸೆ ಅಂಟಿದ ಬೆರಳುಗಳನ್ನು ನೋಡಿಕೊಂಡರು. "ನಾನ್ ಮಾಡಿದ್ದು ನಿಮ್ಮ ದೇವ್ರ ಮುಂದೆ ನಡೀತದಾ?"

"ಅಬ್ಬಾಗೆ ನಡೀತಿತ್ತಲ್ಲ."

ಉಮರ್‌ಗೆ ಮನೆಯಲ್ಲಿ ಇದನ್ನು ಕೇಳಿ ಅಳುಕು. "ಬೀದಿಯೋರೆಲ್ಲ ಬರ್ತಾರೆ ಆಪಾ. ಮುದ್ದೆ ಇಟ್ಟು ಫಾತಿಹಾ ಕೊಡಿಸಿದ್ರೆ ಏನಂತಾರೆ?"

"ವಜೀರ್ ಸಾಬ್ರಿಗೆ ಮುದ್ದೆ ಇಷ್ಟ ಇತ್ತಂತೆ ಅಂತಾರೆ," ಅಂದಳು ಇಲ್ಮಾ.

ನಲವತ್ತನೆಯ ದಿನ ಹನ್ನೆರಡು ಗಂಟೆಯ ಹೊತ್ತಿಗೆ ಅಕ್ಕಯಮ್ಮ ಹಿತ್ತಲ ಬಾಗಿಲಿಗೆ ಬಂದರು. ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಾರನ್ನು ಆ ಡಬ್ಬಿಯಲ್ಲಿ ತಂದಿದ್ದರು. ಹುಣಿಸೆಹಣ್ಣು ಹಾಕಿ ಉಜ್ಜಿದ ಡಬ್ಬಿ ಮಿನುಗುತ್ತಿತ್ತು. ಸರ್ವರ್ ಮುಚ್ಚಳ ತೆಗೆದಳು. ಬೆಂದ ಹುರುಳಿ, ಬೆಳ್ಳುಳ್ಳಿ. ಬೆಚ್ಚಗೆ, ಮಣ್ಣಿನಂತೆ ಮುಖಕ್ಕೆ ಬಂತು. ಅವಳು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡು ನಿಂತಿದ್ದಳು, ಯಾರದೋ ಬೆನ್ನಿಗೆ ಮೂಗು ಒತ್ತಿದವಳ ಹಾಗೆ.

ಲೋಬಾನದ ಹೊಗೆಯಲ್ಲಿ ಫಾತಿಹಾ ಮುಗಿಯಿತು. ಯಾರೂ ಏನೂ ಅನ್ನಲಿಲ್ಲ. ಉಮರ್ ಮೊದಲ ತುತ್ತು ಮುರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದ. "ಅಗೀಬಾರ್ದು ಅಬ್ಬೂ, ನುಂಗ್ಬೇಕು," ಇಲ್ಮಾ ಪಿಸುಗುಟ್ಟಿದಳು. ಅವನು ಕಣ್ಣುಮುಚ್ಚಿ ನುಂಗಿದ. ಸ್ವಲ್ಪ ತಡೆದು ಇನ್ನೊಂದು ತುತ್ತು ಮುರಿದ.

ಸರ್ವರ್ ಒಳಗೆ ಬಂದು ಆ ಡಬ್ಬಿಯನ್ನು ತೊಳೆದಳು. ಬಟ್ಟೆಯಿಂದ ಒರೆಸಿ, ದೊಡ್ಡ ಪಾತ್ರೆಯ ನಡುವಿನಿಂದ ಬಿಸಿ ಬಿರಿಯಾನಿ ತೆಗೆದು ತುಂಬಿದಳು, ಮೇಲೆ ಎರಡು ಮೆತ್ತಗಿನ ತುಂಡು ಇಟ್ಟು ಮುಚ್ಚಿದಳು. ಅಕ್ಕಯಮ್ಮ ಹಿತ್ತಲ ಮೆಟ್ಟಿಲ ಮೇಲೆ, ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಮನೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಸರ್ವರ್ ಡಬ್ಬಿಯನ್ನು ಅವರ ಕೈಯಲ್ಲಿಟ್ಟಳು. ಅಬ್ಬಾನ ಬೆರಳಿನಂತೆಯೇ ಗೆರೆ ಅಳಿಸಿಹೋದ ಆ ಬೆರಳುಗಳು ಹೆಸರಿನ ಚುಕ್ಕಿಗಳ ಮೇಲೆ ಒಮ್ಮೆ ಸರಿದು, ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡವು.