ಪೆಂಗ್ವಿನ್ ಮೇಷ್ಟ್ರ ಲ್ಯಾಪ್‌ಟಾಪ್

"ಇದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಬಿಡ್ತೀನಿ. ಅರ್ಧ ಗಂಟೆ ಸಾಕು," ಎಂದ ರಿಪೇರಿ ಅಂಗಡಿಯವ, ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಸಿದ್ದ ಪೆಂಗ್ವಿನ್ ಚಿತ್ರದಿಂದ ಕಣ್ಣು ತೆಗೆಯದೆ.

"ಬೇಡ ಭಾವ," ಎಂದಳು ಅವನ ತಮ್ಮನ ಹೆಂಡತಿ. "ಅವರು ಹಾಕಿದ ಲಿನಕ್ಸ್ ಹಾಗೇ ಇರ್ಲಿ. ವೈರ್‌ಲೆಸ್ ಇಂಟರ್ನೆಟ್ ಒಂದು ನಡೆದ್ರೆ ಸಾಕು. ಅದಕ್ಕೋಸ್ಕರ ಅವರು ಹದಿನೆಂಟು ದಿನ ಕೂತಿದ್ರು."

ಅವಳ ಬಾಯಿಂದ 'ಭಾವ' ಎಂಬ ಮಾತು ಕೇಳಿದ್ದು ಇದೇ ಮೊದಲು. ಒಂಬತ್ತು ವರ್ಷದ ಹಿಂದೆ, ಮೊದಲ ಗಂಡನನ್ನು ಬಿಟ್ಟು ಬಂದಿದ್ದ ಇವಳನ್ನು ಮದುವೆಯಾಗುತ್ತೇನೆಂದು ಇದೇ ಅಂಗಡಿಗೆ ಕರೆತಂದಿದ್ದ ತಮ್ಮ. ಆಗ ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ರಿಪೇರಿ ಮಾಡುತ್ತಿದ್ದ ಕಾಲ. ಗಿರಾಕಿಗಳು ತುಂಬಿದ್ದರು. ಅವರನ್ನು ನಗಿಸುವ ಹುರುಪಿನಲ್ಲಿ, "ಸೆಕೆಂಡ್ ಹ್ಯಾಂಡ್ ಮಾಲು ತಗೊಳ್ಳೋವಾಗ ಗ್ಯಾರಂಟಿ ಕೇಳ್ಕೊಂಡ್ಯೇನೋ?" ಎಂದುಬಿಟ್ಟಿದ್ದ ಅಣ್ಣ. ಇಬ್ಬರು ಮೂವರು ನಕ್ಕರು. ಕೈಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ತಮ್ಮ ಅವಳ ಕೈ ಹಿಡಿದು ಹೊರಟುಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಆಮೇಲೆ ಅವನು ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾದ. ಯಾರೋ ಮೂಲೆಗೆಸೆದ ಯಂತ್ರಗಳಿಗೆಲ್ಲ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಅದರ ಗುರುತಾದ ಪೆಂಗ್ವಿನ್ ಚಿತ್ರ ಅಂಟಿಸಿ ಮಕ್ಕಳಿಗೆ ಹಂಚುತ್ತ ಪೆಂಗ್ವಿನ್ ಮೇಷ್ಟ್ರು ಎನಿಸಿಕೊಂಡ. ಅಣ್ಣನಿಗೆ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಚಿಕ್ಕವನು, ಮೊದಲು ಅವನೇ ಬರಲಿ ಎಂದುಕೊಂಡ. ಆರು ವಾರದ ಹಿಂದೆ, ಪಾಠ ಮುಗಿಸಿ ಮೆಟ್ಟಿಲಿಳಿದು ಬರುತ್ತಿದ್ದಾಗ, ತಮ್ಮನ ಎದೆಬಡಿತ ನಿಂತುಹೋಯಿತು. ಆಸ್ಪತ್ರೆಯಲ್ಲಿ ಎಲ್ಲರ ಬೆನ್ನ ಹಿಂದೆ ನಿಂತಿದ್ದು, ಯಾರ ಕಣ್ಣಿಗೂ ಬೀಳದೆ ಅಣ್ಣ ಹಿಂದಿರುಗಿದ್ದ.

"ಇಷ್ಟೊಂದು ಅಂಗಡಿ ಇವೆ. ನನ್ನ ಹತ್ರಾನೇ ಯಾಕೆ ತಂದೆಯಮ್ಮ?"

"ಉಳಿದವರೆಲ್ಲ ಅಳಿಸಿಬಿಡ್ತೀವಿ ಅಂದ್ರು," ಎಂದಳು. "ನೀವೂ ಅದನ್ನೇ ಅಂದ್ರಿ."

ಅವನು ಅವಳಿಗೊಂದು ಸ್ಟೂಲು ಎಳೆದುಕೊಟ್ಟು ಕೆಲಸಕ್ಕೆ ಕೂತ.

ವೈರ್‌ಲೆಸ್ ಕಾರ್ಡು ತಯಾರಿಸಿದವರು ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಲಿನಕ್ಸ್‌ಗೆಂದು ಕೊಟ್ಟಿರಲಿಲ್ಲ. ಎಲ್ಲಿಯವನೋ ಒಬ್ಬ ಪುಣ್ಯಾತ್ಮ ಬರೆದು ಹಂಚಿದ್ದ ಡ್ರೈವರನ್ನು ಶಾಲೆಯಿಂದ ಪೆನ್‌ಡ್ರೈವಿನಲ್ಲಿ ತಂದು ಕೂರಿಸಲು ತಮ್ಮ ನೋಡಿದ್ದ. ಪರದೆಯ ಮೇಲೆ 'ಪಾಡು' ಎಂಬ ಹೆಸರಿನ ಕಡತವಿತ್ತು. ಅದರಲ್ಲಿ ಒಂದೊಂದು ದಿನಕ್ಕೆ ಒಂದೊಂದು ಸಾಲು. 'ಎಂಟನೇ ದಿನ. ಕಾರ್ಡು ಕಾಣಿಸಿತು, ಮಾತಾಡಲಿಲ್ಲ.' 'ಹನ್ನೊಂದು. ಟೀ ಚೆಲ್ಲಿಕೊಂಡೆ. ಇವತ್ತಿನ ಸಾಧನೆ ಇಷ್ಟೇ.' ಅಣ್ಣ ನಕ್ಕ. ನಕ್ಕ ಬಾಯಿ ಹಾಗೇ ಗಟ್ಟಿಯಾಯಿತು. 'ಹದಿನೆಂಟು. ಡ್ರೈವರ್ ಸರಿಯಾಗೇ ಇದೆ. ಆದರೂ ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಯಾಕೆ?'

ತಮ್ಮ ಮಾಡಿದ್ದನ್ನೆಲ್ಲ ಅವನು ಮೊದಲಿನಿಂದ ಮಾಡಿದ. ಲಿನಕ್ಸ್ ಅವನಿಗೆ ಒಗ್ಗದ ವಿದ್ಯೆ. ಒಂದೊಂದೇ ಅಕ್ಷರ ಕುಟ್ಟುತ್ತ ಮಧ್ಯಾಹ್ನವಾಯಿತು. ಕೊನೆಗೆ ಪರದೆಯ ಮೇಲೆ ಒಂದು ಸಾಲು ಮೂಡಿತು: ಡ್ರೈವರಿಗೆ ಸಹಿ ಇಲ್ಲ, ಸೇರಿಸುವುದಿಲ್ಲ.

ಅವನ ಕೈ ನಿಂತಿತು. ಇದು ಅವನಿಗೆ ಗೊತ್ತಿತ್ತು. ಈಚಿನ ಯಂತ್ರಗಳಲ್ಲಿ, ಚಾಲೂ ಆಗುವಾಗಲೇ ಕಾವಲು ಕೂರುವ ಸೆಟ್ಟಿಂಗ್ ಒಂದಿರುತ್ತದೆ. ಮೊಹರು ಬೀಳದ ಯಾವುದನ್ನೂ ಅದು ಒಳಗೆ ಬಿಡುವುದಿಲ್ಲ. ವಾರಕ್ಕೆ ಹತ್ತು ಸಲ ಅವನೇ ಅದನ್ನು ಆಫ್ ಮಾಡುತ್ತಿದ್ದ. ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದ ಮಾತು.

"ಅವನ ಕೆಲಸದಲ್ಲಿ ತಪ್ಪೇ ಇರ್ಲಿಲ್ಲ ಕಣಮ್ಮ," ಎಂದ. "ಎಲ್ಲ ಸರಿಯಾಗೇ ಮಾಡಿದ್ದ. ಒಳಗಡೆಯಿಂದ ಚಿಲಕ ಬಿದ್ದಿತ್ತು, ಅಷ್ಟೆ. ಅದು ಅವನಿಗೆ ಗೊತ್ತಾಗ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವತ್ತು ನಾನು ಅಂದ ಮಾತು..."

"ಮೊದಲು ಇದು ನಡೀಲಿ ಭಾವ," ಎಂದಳು ಅವಳು.

ಕಾವಲು ತೆಗೆದು ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಪರದೆಯ ಮೂಲೆಯಲ್ಲಿ ಅಕ್ಕಪಕ್ಕದ ಅಂಗಡಿಗಳ ವೈರ್‌ಲೆಸ್ ಹೆಸರುಗಳು ಒಂದೊಂದಾಗಿ ಮೇಲೆದ್ದವು. ತನ್ನ ಅಂಗಡಿಯ ಹೆಸರು ಒತ್ತಿದ. ಕೂಡಿಕೊಂಡಿತು. ನಿಜಕ್ಕೂ ನಡೆಯುತ್ತದೆಯೋ ನೋಡೋಣವೆಂದು ತಮ್ಮನ ಇಮೇಲ್ ತೆರೆದ. ನೆಟ್ ಸಿಗಲೆಂದು ಕಾದಿರುವ ಪತ್ರ ಒಂದು, ಎಂದು ತೋರಿಸಿತು. ಅವನು ಏನೂ ಮುಟ್ಟಲಿಲ್ಲ. ನೋಡುತ್ತಿದ್ದಂತೆ ಒಂದು ಹೋಗಿ ಸೊನ್ನೆಯಾಯಿತು, ಅವನ ಅಂಗಿಯ ಜೇಬಿನಲ್ಲಿ ಫೋನು ಸದ್ದು ಮಾಡಿತು.

'ಅಣ್ಣಾ, ಡ್ರೈವರ್ ಒಳಗೆ ಹೋಗ್ತಿಲ್ಲ. ಎಲ್ಲ ಮಾಡಿ ನೋಡಿದೆ. ನಿನಗಾದ್ರೆ ನೋಡ್ತಿದ್ದ ಹಾಗೇ ಹೊಳೆಯತ್ತೆ. ಶಾಲೆಯಿಂದ ಕಳಿಸಬಹುದಿತ್ತು, ಧೈರ್ಯ ಬರ್ಲಿಲ್ಲ. ಅದಕ್ಕೇ ಇದರಲ್ಲೇ ಬರೆದಿಡ್ತಿದೀನಿ. ಇದು ನಿನಗೆ ಮುಟ್ಟಿದ್ರೆ ವೈರ್‌ಲೆಸ್ ಸರಿಹೋಯ್ತು ಅಂತಲೇ ಅರ್ಥ. ಆದ್ರೂ ಬಾ.'

"ನಡೀತಾ ಭಾವ?" ಎಂದು ಕೇಳಿದಳು ಅವಳು.

ಅವನು ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದ. ಅವಳು ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು ಬಾಗಿ ಓದಿದಳು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು.

ಚಾರ್ಜರ್ ಕೈಲಿ ಹಿಡಿದ ಗಿರಾಕಿಯೊಬ್ಬ ಕೌಂಟರಿಗೆ ಬಂದು ನಿಂತ. ಕರೆಯಲೆಂದು ಬಾಯಿ ತೆರೆದವನು ಅವರಿಬ್ಬರನ್ನು ಕಂಡು ಸುಮ್ಮನಾದ. ಸದ್ದಾಗದಂತೆ ಹೊರಗೆ ಹೋಗಿ, ಬೆಂಚಿನ ತುದಿಯಲ್ಲಿ ಕೂತು ರಸ್ತೆ ನೋಡತೊಡಗಿದ.