ಬಸವೇಶನ ಮೈಕಟ್ಟು

ತರೀಕೆರೆಯ ಜಿಮ್ಮೊಂದರಲ್ಲಿ ಬಸವೇಶ್ ಟ್ರೈನರ್. ಅವನ ತೋಳು ನೋಡಿಯೇ ಹುಡುಗರು ಬಂದು ಸೇರುತ್ತಿದ್ದರು. ಆ ತೋಳು ಟೆಸ್ಟೋಸ್ಟೆರಾನ್ ಹಾರ್ಮೋನಿನ ಇಂಜೆಕ್ಷನ್ನಿನಿಂದ ಬಂದದ್ದೆಂದು ಅಜ್ಜಂಪುರದ ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಅವನ ತಾಯಿ ಮಲ್ಲಿಕಾಂಬ ಸೊಸೆ ತನುಜಾಳನ್ನು ಕಂಡಕಂಡ ಡಾಕ್ಟರ ಬಳಿ ಕರೆದೊಯ್ದರು, ಕಹಿ ಕಷಾಯ ಕುಡಿಸಿದರು. ಅವಳಲ್ಲಿ ದೋಷವೇನೂ ಸಿಗಲಿಲ್ಲ. "ನೀವೂ ಒಂದ್ಸಲ ತೋರಿಸ್ಕೊಳ್ರೀ" ಎಂದು ಅವಳು ಅಂದಾಗಲೆಲ್ಲ ಬಸವೇಶ್ ನಗುತ್ತಿದ್ದ. "ನನ್ನ ಮೈ ನೋಡಿದ್ರೆ ಗೊತ್ತಾಗಲ್ವೇನೇ?"

ಕೊನೆಗೆ ಅವಳ ಬಲವಂತಕ್ಕೆ ಅವಳ ಜೊತೆಯೇ ಶಿವಮೊಗ್ಗದ ಆಸ್ಪತ್ರೆಗೆ ಹೋದ. ಪರೀಕ್ಷೆಯಲ್ಲಿ ಒಂದೇ ಒಂದು ವೀರ್ಯಾಣುವೂ ಕಾಣಲಿಲ್ಲ.

"ಇಂಜೆಕ್ಷನ್ ತಗೋತಿದ್ದೀರಾ?" ಡಾಕ್ಟರು ನೇರವಾಗಿ ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

"ಮೈಯಲ್ಲಿ ಆ ಹಾರ್ಮೋನ್ ಹುಟ್ಟದವರಿಗೆ ನಾವೇ ಅದನ್ನ ಕೊಡ್ತೀವಿ. ನಿಮ್ಮಲ್ಲಿ ಹುಟ್ತಿತ್ತು, ಹೊರಗಿಂದ ಸುರಿದು ನಿಲ್ಲಿಸಿಬಿಟ್ರಿ, ಅದರ ಜೊತೆ ವೀರ್ಯಾಣೂನೂ ನಿಂತುಹೋಯ್ತು. ಇನ್ನು ಬಿಟ್ಬಿಡಿ. ಬಹಳ ಜನಕ್ಕೆ ಮತ್ತೆ ಸರಿಹೋಗುತ್ತೆ, ಆದ್ರೆ ವರ್ಷಾನೇ ಹಿಡೀಬಹುದು. ಆಗಾಗ ಬಂದು ಪರೀಕ್ಷೆ ಮಾಡಿಸ್ಕೊಳ್ಳಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವನು ತನುಜಾಳ ಕೈ ಹಿಡಿದ. "ಅವ್ವಂಗೆ ಹೇಳ್ಬೇಡ ಕಣೇ. ಸಮಯ ನೋಡಿ ನಾನೇ ಹೇಳ್ತೀನಿ."

ಇಂಜೆಕ್ಷನ್ ಬಿಟ್ಟ. ತೋಳು ಇಳಿಯಿತು, ಮೈಯಲ್ಲಿ ತ್ರಾಣ ಉಳಿಯಲಿಲ್ಲ. ಜಿಮ್ಮಿಗೆ ಹೋಗದೆ ಹಗಲೆಲ್ಲ ಗೋಡೆಗೆ ಮುಖಮಾಡಿ ಮಲಗತೊಡಗಿದ. "ಗಂಡನ್ನ ನೋಡ್ಕೊಳ್ಳೋ ಯೋಗ್ಯತೇನೂ ಇಲ್ಲ ಇವಳಿಗೆ" ಎಂದು ಮಲ್ಲಿಕಾಂಬ ಅದನ್ನೂ ಸೊಸೆಯ ತಲೆಗೇ ಕಟ್ಟಿದರು. ತನುಜಾ ಗಂಡನತ್ತ ನೋಡಿದಳು. ಅವನು ಮಗ್ಗುಲು ಬದಲಿಸಲಿಲ್ಲ.

ನಾದಿನಿಯ ಸೀಮಂತದಲ್ಲಿ ತನುಜಾ ಬಳೆ ತೊಡಿಸಲು ಹೋದಾಗ ಮಲ್ಲಿಕಾಂಬ ನಾಲ್ಕು ಜನರೆದುರು ಅವಳ ಕೈ ತಡೆದರು. "ನೀನು ಬೇಡ ಬಿಡು." ಬಸವೇಶ್ ಪಕ್ಕದಲ್ಲೇ ಇದ್ದ. ಬಳೆಯ ತಟ್ಟೆಯತ್ತ ನೋಡುತ್ತ ನಿಂತ. ಮರುದಿನ ತನುಜಾ ಕಡೂರಿನ ತವರಿಗೆ ಹೊರಟುಹೋದಳು.

ಅವಳು ಹೋದ ಮೇಲೆ ಅವನು ತಾಯಿಗೆ ಎಲ್ಲ ಹೇಳಿದ. ಮಲ್ಲಿಕಾಂಬ ಅಲ್ಲೇ ಗೋಡೆಗೊರಗಿ ಕುಳಿತರು.

"ಅವಳಿಗೆ ಗೊತ್ತಿತ್ತೇನೋ?"

"ಗೊತ್ತಿತ್ತವ್ವ."

ಅವರು ಮಗನನ್ನು ಕರೆದುಕೊಂಡು ಕಡೂರಿಗೆ ಹೋದರು. ತನುಜಾ ಇಬ್ಬರಿಗೂ ಕಾಫಿ ಕೊಟ್ಟಳು. "ತಪ್ಪಾಯ್ತು ಕಣಮ್ಮ, ನಡಿ ಮನೆಗೆ" ಎಂದು ಮಲ್ಲಿಕಾಂಬ ಅತ್ತರು.

"ನಿಮ್ಮ ಮೇಲೆ ಸಿಟ್ಟಿಲ್ಲ ಅತ್ತೆ. ನೀವು ಗೊತ್ತಿಲ್ದೆ ಅಂದ್ರಿ. ಗೊತ್ತಿದ್ದೋರು ಸುಮ್ನೆ ನಿಂತಿದ್ರಲ್ಲ. ಮಕ್ಕಳಾಗ್ದೇ ಇದ್ರೂ ನಾನು ಇವರ ಜೊತೆ ಬಾಳ್ತಿದ್ದೆ."

ಬಸವೇಶ್ ಲೋಟ ಹಿಡಿದು ಕೂತೇ ಇದ್ದ. ಕಾಫಿ ಆರಿತು. ಸಂಜೆ ಬಸ್ಸಿಗೆ ತಾಯಿ ಮಗ ಇಬ್ಬರೇ ಮರಳಿದರು.

ಮುಂದಿನ ಪರೀಕ್ಷೆಗೆ ಅವನು ಹೋಗಲೇ ಇಲ್ಲ.